ಕಾರಣ ನಂಬರ್ ನಾಲ್ಕು

ನಾನು ಯಾವ ವಾರ ಮುಟ್ಟಾದೆ ಎಂಬುದನ್ನು ಸೇಲಂ ರೇಷ್ಮೆ ಮಂಡಿಯ ಗೋಡೆಗೆ ಅಂಟಿಸಿದ್ದರು.

ನನ್ನದೊಂದೇ ಅಲ್ಲ. ನಮ್ಮ ಬೀದಿಯಲ್ಲಿ ಮಗ್ಗ ಹೂಡುವ ಹೆಂಗಸರದ್ದೆಲ್ಲ. ಎರಡು ಅಂಚಿಗೂ ತೂತು ಬಿದ್ದ ಉದ್ದನೆಯ ಕಾಗದ. ಅದರಲ್ಲಿ ಮಗ್ಗದ ನಂಬರು, ಮಗ್ಗದವನ ಹೆಸರು, ಪಂಚೆ ಬರಬೇಕಾದ ದಿನ, ಬಂದ ದಿನ. ತಡವಾಗಿದ್ದರೆ ಯಾಕೆ ತಡ. ಆ ಯಾಕೆ ಎಂಬುದಕ್ಕೂ ನಂಬರು. ನಂಬರುಗಳ ಅರ್ಥವನ್ನು ತಮಿಳಿನಲ್ಲಿ ಬರೆದು ಪಕ್ಕದಲ್ಲೇ ಒಂದು ಚೀಟಿ ಅಂಟಿಸಿದ್ದರು. ಒಂದು ಅಂದರೆ ರೇಷ್ಮೆ ಸಿಗಲಿಲ್ಲ. ಎರಡು ಕಾಯಿಲೆ. ಮೂರು ಸಾವು. ನಾಲ್ಕು ದೂರ.

ದೂರ ಅಂದರೆ ಹೆಂಗಸು ಹೊರಗೆ ಕೂರುವುದು. ನಮ್ಮ ಓಮಲೂರು ಕಡೆ ತಮಿಳರೂ ಹಾಗೇ ಅನ್ನುತ್ತಾರೆ, ಕನ್ನಡ ಮಾತಾಡುವ ನಾವೂ ಹಾಗೇ ಅನ್ನುತ್ತೇವೆ. ಅದು ಅತ್ತೆ ಸೊಸೆಗೆ, ತಾಯಿ ಮಗಳಿಗೆ ಕಿವಿಯಲ್ಲಿ ಹೇಳುವ ಮಾತು. ಈಗ ಅದನ್ನು ಟೀ ಕುಡಿಯುತ್ತ ಗಂಡಸರು ಓದುತ್ತಿದ್ದರು.

ನನ್ನ ಮಗ್ಗದ ಮುಂದಿದ್ದ ಹೆಸರು ಮಂಜುಳಾ ಅಂತ ಅಲ್ಲ. ಈಶ್ವರನ್. ನನ್ನ ಗಂಡ. ಅವರು ಎದೆ ರೋಗದಲ್ಲಿ ಸತ್ತು ಎರಡನೆಯ ವರ್ಷ ನಡೆಯುತ್ತಿತ್ತು. ಹೆಸರು ಬದಲಿಸಿ ಅಂತ ಮಂಡಿಯಲ್ಲಿ ಕೇಳಿದ್ದೆ. ಒಂದು ಮಗ್ಗಕ್ಕೆ ಒಬ್ಬ ನೇಕಾರ, ಹೆಂಗಸರು ಸಹಾಯಕರು, ಕಂಪ್ಯೂಟರಿನಲ್ಲಿ ಹಾಗೇ ಕೂರಿಸಿದೆ, ಆಮೇಲೆ ನೋಡೋಣ ಅಂದಿದ್ದರು. ಹಾಗಾಗಿ ಗೋಡೆ ಮೇಲೆ ಮುಟ್ಟಾದದ್ದು ಸತ್ತ ನನ್ನ ಗಂಡ.

"ಏ, ಈಶ್ವರ ಈ ವಾರ ಹೊರಗವ್ನೆ ಕಣ್ರೋ!" ಅಂತ ಅಣ್ಣಾಮಲೈ ಕೂಗಿದ್ದ. ಅಣ್ಣಾಮಲೈ ನಮ್ಮ ಬೀದಿಯ ದೊಡ್ಡಮನುಷ್ಯ, ಚೌಡಮ್ಮನ ಗುಡಿಯ ಕೀಲಿಕೈ ಅವನ ಸೊಂಟದಲ್ಲೇ ಇರುತ್ತದೆ. ಅವನು ನಕ್ಕ ಮೇಲೆ ಎಲ್ಲರೂ ನಕ್ಕರು. ನನ್ನ ಗಂಡನ ಹೆಣಕ್ಕೆ ಹೆಗಲು ಕೊಟ್ಟವರೂ ನಕ್ಕರು. ಥೂ, ಇವರ ಬಾಯಿಗೆ ಮಣ್ಣು ಹಾಕ.

ಮೊದಲು ಎಲ್ಲಾ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಮುದಲಾಳಿ ಅಂದರೆ ಧಣಿ, ಧಣಿಯ ಮಂಡಿ ಯಾವ ಕಾಲದಲ್ಲಿ ನೇಯುವವರಿಗೆ ಚೆನ್ನಾಗಿತ್ತು? ರೇಷ್ಮೆ ಅವರದು, ಮೈ ನಮ್ಮದು. ಆದರೆ ಮೊದಲು ಅಲ್ಲಿ ಜಮಖಾನದ ಮೇಲೆ ಕುಪ್ಪುಸ್ವಾಮಿ ಅಂತ ಮುದುಕರು ಕೂರುತ್ತಿದ್ದರು. ಪಂಚೆ ಬಿಚ್ಚಿ ಬೆಳಕಿಗೆ ಹಿಡಿದು ನೋಡುವುದು, ರೇಷ್ಮೆ ತೂಗಿ ಕೊಡುವುದು, ಮಗ್ಗಕ್ಕೆ ಏರಿಸುವ ಉದ್ದ ನೂಲಿನ ಮುಂದಿನ ಹಾಸು ಯಾರಿಗೆ ಅಂತ ಹೇಳುವುದು, ಎಲ್ಲ ಅವರೇ. ಬಾಯಿ ಕೆಟ್ಟದು. ಅಂಚು ಸೊಟ್ಟಗಾಗಿದ್ದರೆ ನಮ್ಮ ತಾತನವರೆಗೂ ಬೈಯುತ್ತಿದ್ದರು. ಆದರೆ ಹೆಂಗಸು ತಡವಾಗಿ ಬಂದರೆ ಯಾಕೆ ಅನ್ನುತ್ತಿರಲಿಲ್ಲ. ಮುಖ ನೋಡದೆ ಪಂಚೆಗೆ ಕೈ ಚಾಚುತ್ತಿದ್ದರು. ಅವರ ಮನೆಯಲ್ಲೂ ಹೆಂಗಸರಿದ್ದರು.

ತೊಂಬತ್ತೇಳರಲ್ಲಿ ಕೊಯಮತ್ತೂರಿನಿಂದ ವಿಶ್ವನಾಥನ್ ಅಂತ ಒಬ್ಬ ಸಾರ್ ಬಂದ. ಮುದಲಾಳಿ ಅರುಣಾಚಲಂ ಅವರ ಮಗಳ ಕಡೆಯ ಸಂಬಂಧವಂತೆ. ಮಂಡಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ತಿಂಗಳಾನುಗಟ್ಟಲೆ ಕೂತ. ರೇಷ್ಮೆ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಯಾಕೆ ಹೋಗುತ್ತದೆ, ಅಲ್ಲಿಗೆ ಹೋಗದಿದ್ದರೆ ಏನಾಗುತ್ತದೆ, ಬರೀ ಇದೇ ಪ್ರಶ್ನೆ. ಕೆಟ್ಟವನಲ್ಲ. ಯಾರನ್ನೂ ಗದರಲಿಲ್ಲ. ಒಂದು ದಿನ ಕುಪ್ಪುಸ್ವಾಮಿಯವರನ್ನು ಕೇಳಿದನಂತೆ, "ಯಾವ ಮಗ್ಗ ತಡವಾಗುತ್ತದೆ ಅಂತ ನಿಮಗೆ ಮೊದಲೇ ಹೇಗೆ ಗೊತ್ತು?" ಅಂತ. ಮುದುಕರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ರೇಷ್ಮೆ ಕೊಡುವುದು ತಡವಾದರೆ ತಡ. ಜ್ವರ ಬಂದರೆ ತಡ. ಸಾವಾದರೆ ತಡ. ಹೆಂಗಸರ ದೂರ ಅಂತ ಒಂದಿದೆ, ಆಗ ಅವರು ಮಗ್ಗ ಮುಟ್ಟುವುದಿಲ್ಲ, ಅದನ್ನು ಕೇಳಬಾರದು.

ಕೇಳಬಾರದು ಎಂಬ ಮಾತಿಗೆ ನಂಬರು ಇರಲಿಲ್ಲ. ಉಳಿದದ್ದಕ್ಕೆಲ್ಲ ನಂಬರು ಬಂತು.

ಪೊಂಗಲ್ ಕಳೆದ ಮೇಲೆ ಹೋಗಿ ನೋಡಿದರೆ ಜಮಖಾನ ಇಲ್ಲ, ಕುಪ್ಪುಸ್ವಾಮಿಯೂ ಇಲ್ಲ. ನಾವು ಕೂತು ನೀರು ಕುಡಿಯುತ್ತಿದ್ದ ಜಗಲಿಗೆ ಅಡ್ಡವಾಗಿ ಗಾಜಿನ ಗೋಡೆ ಎದ್ದಿತ್ತು. ಅದಕ್ಕೊಂದು ಕಿಟಕಿ, ಕಿಟಕಿಯ ಹಿಂದೆ ಕಂಪ್ಯೂಟರು, ಅದರ ಹಿಂದೆ ಸತ್ಯಾ. ಸತ್ಯಾ ನಮ್ಮವರದೇ ಹುಡುಗಿ, ನೇಕಾರರ ಮನೆಯವಳು, ಸೇಲಂ ಟೌನಿನವಳು. ಕನ್ನಡ ಗೊತ್ತು, ಆಡುವುದಿಲ್ಲ. ವಿಶ್ವನಾಥನ್ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ, ಇನ್ನು ಮೇಲೆ ಅವರಿವರ ಮರ್ಜಿ ಕಾಯಬೇಕಾಗಿಲ್ಲ, ಎಲ್ಲ ಒಂದೇ ಕಿಟಕಿಯಲ್ಲಿ, ಎಲ್ಲ ಎಲ್ಲರಿಗೂ ಕಾಣುವ ಹಾಗೆ. ಹೇಳಿದ ದಿನಕ್ಕೆ ಪಂಚೆ ತಂದ ಮಗ್ಗ ಎ. ತಪ್ಪಿದರೆ ಬಿ. ಮತ್ತೆ ತಪ್ಪಿದರೆ ಸಿ. ಸಿ ಬಂದ ಮಗ್ಗಕ್ಕೆ ಹಾಸು ಇಲ್ಲ.

ಹಾಸು ಇಲ್ಲ ಅಂದರೆ ಮಗ್ಗ ಖಾಲಿ. ಮಗ್ಗ ಖಾಲಿ ಅಂದರೆ ನಾನೂ ನನ್ನ ಮಾವನೂ ಕಲ್ಲು ಒಡೆಯುವ ಕೆಲಸಕ್ಕೆ ಹೋಗಬೇಕು. ಮಾವ ಮಾದಪ್ಪನವರಿಗೆ ಮೊಣಕಾಲು ಮಡಚುವುದಿಲ್ಲ. ಗೋಡೆಗೆ ಒರಗಿ ಕಾಲು ನೀಡಿಕೊಂಡು ರಾಟೆ ತಿರುಗಿಸಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಾರೆ, ಅಷ್ಟೇ. ಗುಂಡಿಗೆ ಇಳಿಯುವವಳು ನಾನು.

ನಮ್ಮದು ಗುಂಡಿ ಮಗ್ಗ. ನೆಲದೊಳಗೆ ಸೊಂಟದವರೆಗೆ ಇಳಿದು ಕೂರಬೇಕು. ಕೆಳಗೆ ಕಾಲು ತುಳಿಯುತ್ತಿರಬೇಕು, ಮೇಲೆ ಕೈ ಲಾಳಿ ಹೊಡೆಯುತ್ತಿರಬೇಕು. ಸಂಜೆ ಮೇಲೆ ಹತ್ತುವಾಗ ಕಾಲು ನನ್ನದೋ ಯಾರದೋ ಗೊತ್ತಾಗುವುದಿಲ್ಲ. ನೇಯುವುದು ಬಿಳಿ ರೇಷ್ಮೆ ಪಂಚೆ. ಮದುವೆ ಗಂಡು ಮುಹೂರ್ತಕ್ಕೆ ಉಡುತ್ತಾನೆ, ಅಯ್ಯರು ಗರ್ಭಗುಡಿಯಲ್ಲಿ ಉಡುತ್ತಾರೆ. ಒಂದು ಬೆವರ ಹನಿ ಬಿದ್ದರೂ ಕಲೆ. ಅದಕ್ಕೇ ಸೆರಗನ್ನು ಹಣೆಗೆ ಕಟ್ಟಿಕೊಂಡು ನೇಯುತ್ತೇನೆ.

ಮಗ್ಗದಲ್ಲಿ ಚೌಡಮ್ಮ ಇದ್ದಾಳೆ ಅಂತ ನಮ್ಮವರ ನಂಬಿಕೆ. ಹೊರಗಾದ ಹೆಂಗಸು ಮಗ್ಗದ ಕಡೆ ಸುಳಿಯಬಾರದು. ಹಿತ್ತಿಲಲ್ಲಿ ತೆಂಗಿನ ಗರಿಯ ಒಂದು ಚಪ್ಪರ ಇದೆ. ಮೂರು ದಿನ ಅಲ್ಲೇ. ಬೇರೆ ಚಾಪೆ, ಬೇರೆ ಲೋಟ, ದೂರದಿಂದ ತಳ್ಳಿದ ತಟ್ಟೆ. ಆ ಚಪ್ಪರವನ್ನು ನಾನು ಬೈದಿದ್ದೇನೆ. ನಾಯಿಗಿಂತ ಕಡೆ ಮಾಡಿದರಲ್ಲ ಅಂತ ಅತ್ತಿದ್ದೇನೆ. ಆದರೂ ನಿಜ ಹೇಳಿಬಿಡುತ್ತೇನೆ, ಇಡೀ ತಿಂಗಳಲ್ಲಿ ಹಗಲು ಹೊತ್ತು ನನ್ನ ಬೆನ್ನು ನೆಲಕ್ಕೆ ತಾಗುತ್ತಿದ್ದುದು ಅಲ್ಲಿ ಮಾತ್ರ. ದೇವರ ಹೆಸರಲ್ಲಿ ಹೊರಗೆ ಹಾಕಿದ್ದರು. ಹಾಕಿದ ಜಾಗದಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದೆ.

ಕಂಪ್ಯೂಟರು ಬಂದ ಮೊದಲ ತಿಂಗಳು ನಾನು ಕಿಟಕಿಯ ಮುಂದೆ ನಾಲ್ಕು ಅಂದೆ. ಅಂದದ್ದು ಗೋಡೆ ಮೇಲೆ ಬಂತು. ಅಣ್ಣಾಮಲೈ ಕೂಗಿದ್ದು ಆಗಲೇ. ಮಗ್ಗಕ್ಕೆ ಬಿ ಬಂತು. ಇನ್ನೊಂದು ಸಲ ತಪ್ಪಿದರೆ ಸಿ.

ಮುಂದಿನ ತಿಂಗಳು ಹೊರಗಾದಾಗ ನಾನು ಚಪ್ಪರಕ್ಕೆ ಹೋಗಲಿಲ್ಲ. ಮಾವನಿಗೂ ಹೇಳಲಿಲ್ಲ. ಬಟ್ಟೆ ಮಡಿಸಿ ಬಿಗಿಯಾಗಿ ಕಟ್ಟಿಕೊಂಡು ಗುಂಡಿಗೆ ಇಳಿದೆ. ಹೊಟ್ಟೆ ಹಿಂಡುತ್ತಿತ್ತು. ತೊಡೆ ಜಿಗುಟಾಗಿತ್ತು. ಕಾಲು ತುಳಿದಾಗಲೆಲ್ಲ ಒಳಗೆ ಏನೋ ಕಿತ್ತು ಬಂದ ಹಾಗೆ. ಕಣ್ಣ ಮುಂದೆ ಬಿಳಿ ರೇಷ್ಮೆ. ಎದ್ದು ಹೋಗಿ ಕೈ ತೊಳೆದು ಬರುತ್ತಿದ್ದೆ, ಬಂದು ಉಗುರು ನೋಡಿಕೊಳ್ಳುತ್ತಿದ್ದೆ, ಮತ್ತೆ ಇಳಿಯುತ್ತಿದ್ದೆ. ಪಕ್ಕದಲ್ಲೇ ಮಾವ ರಾಟೆ ತಿರುಗಿಸುತ್ತ "ಯಾಕಮ್ಮಾ ಸುಮ್‌ಸುಮ್ಕೆ ಏಳ್ತೀಯಾ?" ಅಂದರೆ "ನೀರು ಕುಡಿಯಾಕೆ ಮಾವ" ಅಂದೆ. ಅಮ್ಮಾ ಚೌಡೇಶ್ವರಿ, ನೀನೂ ಹೆಣ್ಣಲ್ಲವಾ, ಕಣ್ಣು ಮುಚ್ಚಿಕೋ ಅಂತ ಬೇಡಿಕೊಂಡು ಲಾಳಿ ಹೊಡೆದೆ. ಅವಳು ಏನೂ ಮಾಡಲಿಲ್ಲ. ಪಂಚೆ ಹೇಳಿದ ದಿನಕ್ಕೆ ಹೋಯಿತು. ನನ್ನ ಮಗ್ಗಕ್ಕೆ ಮತ್ತೆ ಎ ಬಂತು. ಅದರ ಮುಂದಿನ ತಿಂಗಳೂ ಹಾಗೇ ಮಾಡಿದೆ. ಮತ್ತೂ ಎ.

ನಾನೊಬ್ಬಳೇ ಹೀಗೆ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಮಾವ ಟೀ ಅಂಗಡಿಯಿಂದ ಬಂದರು. ಊಟಕ್ಕೆ ಬಡಿಸಿದೆ. ತಟ್ಟೆ ಮುಟ್ಟಲಿಲ್ಲ.

"ಮಂಜುಳಾ."

"ಏನ್ ಮಾವ?"

"ಯಾರ್ದು?"

"ಏನು ಯಾರ್ದು?"

"ಎಲ್ಡ್ ತಿಂಗ್ಳಿಂದ ಈಶ್ವರನ ಎಸ್ರು ಮುಂದೆ ನಾಲ್ಕು ಬಂದಿಲ್ವಂತೆ. ಗೋಡೆ ಮ್ಯಾಲೆ ಎಲ್ರೂ ನೋಡವ್ರೆ. ಅಣ್ಣಾಮಲೈ ಕೇಳ್ದ. ನಂಗೇನ್ ಗೊತ್ತು, ನಾ ಏನ್ ಯೋಳ್ಲಿ?" ಮಾವನ ದನಿ ಮೆತ್ತಗಿತ್ತು. "ಯಾರ್ದು ಅಂತ ಯೋಳು. ಬೈಯಾಕಿಲ್ಲ."

ಬೈಯುವುದಿಲ್ಲವಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆತ್ತಗಿನ ಮಾತು ಕೇಳಿ ನನ್ನ ಮೈಗೆ ಬೆಂಕಿ ಹತ್ತಿತು. ವಿಧವೆಗೆ ನಾಲ್ಕು ಬಂದರೆ ನಗು, ಬಾರದಿದ್ದರೆ ಬಸುರು! ಅಯ್ಯೋ ನಿಮ್ಮ ಮನೆ ಹಾಳಾಗ, ನನ್ನ ಹೊಟ್ಟೆ ನನ್ನದಾಗಿ ಉಳಿದದ್ದು ಯಾವಾಗ?

"ಯಾರ್ದೂ ಇಲ್ಲ ಮಾವ. ಹೊರಗಾದಾಗ್ಲೂ ಮಗ್ಗದಾಗೇ ಕೂತಿದ್ದೆ. ಎಲ್ಡ್ ತಿಂಗ್ಳೂ. ನಿಮ್ ಪಕ್ಕದಾಗೇ."

ಮಾವ ನನ್ನನ್ನು ನೋಡಿದರು. ಮಗ್ಗವನ್ನು ನೋಡಿದರು.

"ಅದಾಗಿದ್ರೇ ವಾಸಿಯಾಗಿತ್ತಲ್ಲೇ," ಅಂದರು. "ಅದಾದ್ರೆ ಮನುಷರ ತಪ್ಪು. ಇದು ಅಮ್ಮನ ಮಗ್ಗ ಕಣೇ."

ಮಡಚದ ಕಾಲನ್ನು ಎಳೆದುಕೊಂಡು ಹೋಗಿ ಅರಿಶಿನದ ನೀರು ತಂದರು. ಮರದ ಮೇಲೆಲ್ಲ ಚಿಮುಕಿಸಿದರು, ಗುಂಡಿಯೊಳಗೂ ಚಿಮುಕಿಸಿದರು. ಗುಂಡಿಗೆ ಬಗ್ಗಿದಾಗ ಬೀಳಲಿದ್ದರು, ನಾನು ಹಿಡಿಯಲು ಹೋದೆ, ಕೈ ಕೊಡವಿದರು. ಮರುದಿನ ಬೆಳಿಗ್ಗೆ ನೋಡಿದರೆ ಕಂಡಿಕೆ ಸುತ್ತಿ ಬುಟ್ಟಿಗೆ ಹಾಕಿಟ್ಟಿದ್ದರು. ಹೊಟ್ಟೆಗೆ ಬೇಕಲ್ಲ.

ನನಗೆ ಯಾವ ಕಡೆಯೂ ದಾರಿ ಇರಲಿಲ್ಲ. ನಿಜ ಹೇಳಿದರೆ ಅಣ್ಣಾಮಲೈ ಬೀದಿ ಸೇರಿಸಿ ನನ್ನನ್ನು ಮಗ್ಗದಿಂದ ಎಬ್ಬಿಸುತ್ತಾನೆ. ಸುಮ್ಮನಿದ್ದರೆ ಬಸುರಿ ಅಂತ ಮನೆಯಿಂದಲೇ ಎಬ್ಬಿಸುತ್ತಾನೆ. ಚಪ್ಪರದಲ್ಲಿ ಕೂತರೆ ಪಂಚೆ ತಡವಾಗಿ ಬಿ ಬರುತ್ತದೆ, ಹಿಂದೆಯೇ ಸಿ. ಮುಂದಿನ ತಿಂಗಳು ಮತ್ತೆ ಹೊರಗಾದೆ. ಮಾವ ಚಾಪೆಯನ್ನು ತಾವೇ ಹಿತ್ತಿಲಿಗೆ ಎಸೆದರು.

"ಕೂತ್ಕ. ಬೀದಿ ನೋಡ್ಲಿ. ಆಮ್ಯಾಕೆ ಸೇಲಂಗೆ ಓಗಿ ನಾಲ್ಕು ಹಾಕಿಸ್ಕೊಂಡ್ ಬಾ. ಗೋಡೆ ಮ್ಯಾಲೆ ಬಂದ್ರೆ ಇವ್ರ ಬಾಯಿ ಮುಚ್ತೈತೆ."

ಕೂತೆ. ಬೀದಿ ನೋಡಿತು, ನಂಬಲಿಲ್ಲ. "ಕೂತಂಗೆ ನಾಟ್ಕ ಆಡಾಕೆ ಏನ್ ಕಷ್ಟ? ಕಾಗದದಾಗೆ ಬರ್ಲಿ" ಅಂದನಂತೆ ಅಣ್ಣಾಮಲೈ. ಕಣ್ಣಿಗಿಂತ ಕಾಗದ ದೊಡ್ಡದಾಗಿತ್ತು.

ಪಂಚೆ ಮುಗಿಸಿ, ಮಡಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೆ. ಓಮಲೂರಿನಲ್ಲಿ ಬಸ್ಸು ಹತ್ತಿದಾಗ ನಮ್ಮ ಬೀದಿಯ ಪೂಂಗೊಡಿ, ತಾಯಮ್ಮಜ್ಜಿ ಇನ್ನೂ ಕೆಲವರು ಇದ್ದರು. ಎಲ್ಲರ ಮಡಿಲಲ್ಲೂ ಗಂಟು. ಯಾರೂ ನನ್ನ ಪಕ್ಕ ಕೂರಲಿಲ್ಲ. ನಿಂತೇ ಬಂದೆ. ಹೇಳಿ ಮುಗಿಸಿಬಿಡುವುದು, ಒಂದು ನಂಬರು ತಾನೆ, ಅಂತ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಮಂಡಿಯಲ್ಲಿ ಅಣ್ಣಾಮಲೈ ಮೊದಲೇ ಬಂದು ನಿಂತಿದ್ದ. ನಾನು ಕಿಟಕಿಯ ಮುಂದೆ ಬಂದಾಗ ಗಂಡಸರ ಸಾಲು ಮಾತು ನಿಲ್ಲಿಸಿತು. ನನ್ನ ಬಾಯಿಂದ ಒಂದು ನಂಬರು ಬರುತ್ತದೋ ಇಲ್ಲವೋ ಅಂತ ಅಷ್ಟು ಜನ ಗಂಡಸರು ಕತ್ತು ಚಾಚಿಕೊಂಡು ಕಾಯುತ್ತಿದ್ದರು.

ಸತ್ಯಾ ಪಂಚೆ ತೆಗೆದುಕೊಂಡಳು. ಕೀ ಒತ್ತಿದಳು. ತಲೆ ಎತ್ತದೆ, ಕಾರಣ ಹೇಳಿ ಅಂತ ತಮಿಳಿನಲ್ಲಿ ಕೇಳಿದಳು.

"ಈಶ್ವರನ್. ಲೇಟು. ಕಾರಣಂ ಸೊಲ್ಲುಂಗಕ್ಕಾ."

ನಾಲ್ಕು ಅನ್ನಬೇಕು ಅಂತಲೇ ಬಾಯಿ ತೆರೆದೆ. ಬಂದದ್ದು ಬೇರೆ.

"ಈಶ್ವರ ಸತ್ತವ್ರೆ. ಮೂರು ಹಾಕು."

ಸತ್ಯಾ ತಲೆ ಎತ್ತಿ ತಮಿಳಿನಲ್ಲೇ ಅಂದಳು. "ಅಕ್ಕಾ, ಅದು ಯಾವಾಗಲೋ..."

"ಇನ್ನೂ ಸತ್ತೇ ಅವ್ರೆ. ಮೂರು ಹಾಕು. ಅವ್ರು ಯಾಕೆ ತಡ ಮಾಡಿದ್ರು ಅಂತ ತಾನೆ ಕೇಳ್ತಿರೋದು?"

ಹಿಂದೆ ಯಾರೋ ಹೆಂಗಸು ಕಿಸಕ್ಕೆಂದಳು. ಅಣ್ಣಾಮಲೈ ಮುಂದೆ ಬಂದ. "ಲೇ, ತಿರುಗಿಸ್ ಮುರುಗಿಸ್ ಮಾತಾಡ್ಬ್ಯಾಡ. ನಾಲ್ಕೋ ಅಲ್ವೋ, ಅಷ್ಟು ಯೋಳು."

"ನಿನ್ ಎಂಡ್ರುದು ಯಾವತ್ತು, ನೀ ಮೊದ್ಲು ಯೋಳು," ಅಂದೆ.

ಗದ್ದಲ ಕೇಳಿ ವಿಶ್ವನಾಥನ್ ಬಂದ, ಅವನ ಹಿಂದೆ ಮುದಲಾಳಿ ಅರುಣಾಚಲಂ ಬಂದರು. ಆಗಷ್ಟೇ ಪೂಜೆ ಮುಗಿಸಿದ್ದರು. ಹಣೆಗೆ ವಿಭೂತಿ, ಸೊಂಟಕ್ಕೆ ಬಿಳಿ ರೇಷ್ಮೆ ಪಂಚೆ. ವಿಶ್ವನಾಥನ್ ಸಮಾಧಾನದಿಂದಲೇ ಹೇಳಿದ. ಕಾರಣದ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ. ಮುಂದಕ್ಕೆ ಹೋಗದಿದ್ದರೆ ನಿಮ್ಮ ಪಂಚೆ ಬಂದಿದೆ ಅಂತ ಆಗುವುದಿಲ್ಲ, ನಿಮಗೆ ಹಾಸೂ ಇಲ್ಲ. ಇದರಲ್ಲಿ ನಾಚಿಕೆ ಏನಮ್ಮಾ, ಇದು ಪ್ರಕೃತಿ.

"ಎನ್ನಮ್ಮಾ ಇದು?" ಮುದಲಾಳಿ ಬೇಸರದಿಂದ ಅಂದರು. "ನಂಬರ್ ಸೊಲ್ಲಿಟ್ಟು ಪೋ." ನಂಬರು ಹೇಳಿ ಹೋಗಬೇಕಂತೆ.

ನನಗೆ ಸುಸ್ತಾಗಿತ್ತು. ಬಸ್ಸಲ್ಲಿ ನಿಂತು ಸುಸ್ತು, ಗುಂಡಿಯಲ್ಲಿ ತುಳಿದು ಸುಸ್ತು, ಚಪ್ಪರದಲ್ಲಿ ಮಲಗಿಯೂ ನಿದ್ದೆ ಬಾರದೆ ಸುಸ್ತು. ಇನ್ನು ಬಚ್ಚಿಡುವುದಕ್ಕೂ ಶಕ್ತಿ ಇರಲಿಲ್ಲ.

"ಯೋಳ್ತೀನಿ ಮುದಲಾಳಿ. ಈ ಸಲ ಹೊರಗಿದ್ದೆ, ಚಪ್ಪರದಾಗೆ ಕೂತಿದ್ದೆ, ತಡ ಆಯ್ತು. ಓದ್ ತಿಂಗ್ಳೂ ಹೊರಗಿದ್ದೆ, ಅದರ ಹಿಂದಿನ ತಿಂಗ್ಳೂ ಹೊರಗಿದ್ದೆ. ಆವಾಗ ಚಪ್ಪರಕ್ಕೆ ಓಗ್ಲಿಲ್ಲ. ಮಗ್ಗದಾಗೇ ಕೂತು ನಿಮ್ ಪಂಚೆ ನೇಯ್ದೆ. ಮೈಮ್ಯಾಗೆ ರಕ್ತ ಇಟ್ಕೊಂಡು ನೇಯ್ದೆ. ನಿಮ್ ಕಂಪ್ಯೂಟರು ನಂಗೆ ಎ ಕೊಡ್ತು."

ಅಣ್ಣಾಮಲೈ ಎರಡು ಕೈಯನ್ನೂ ಕಿವಿಗೆ ಇಟ್ಟುಕೊಂಡ. "ಅಮ್ಮಾ ತಾಯಿ, ಮಗ್ಗ ಕೆಡಿಸ್ಬುಟ್ಲಲ್ಲೋ!"

"ಅವ್ಳೊಬ್ಳೇನಾ?" ಹಿಂದಿನಿಂದ ದನಿ ಬಂತು. ಪೂಂಗೊಡಿ. ಅವಳ ಗಂಡ ಸಾಲಿನಲ್ಲೇ ನಿಂತಿದ್ದ. ಅವನ ಕಡೆ ನೋಡದೆ ಹೇಳಿದಳು. "ನಂಗೂ ಎ ಬಂದೈತೆ. ಎಂಗೆ ಬಂತು ಅಂದ್ಕೊಂಡ್ರಿ?"

ಆಮೇಲೆ ಇನ್ನೊಬ್ಬಳು ಅಂದಳು. ಅವಳ ಹಿಂದೆ ಮತ್ತೊಬ್ಬಳು. ಬೀದಿಯಲ್ಲಿ ಮನೆಗೆ ಮನೆ ತಾಗಿಕೊಂಡು ಬದುಕುವ ನಾವು, ಒಬ್ಬಳ ವಿಷಯ ಒಬ್ಬಳಿಗೆ ಗೊತ್ತಿರಲಿಲ್ಲ. ಎಲ್ಲರೂ ಬಟ್ಟೆ ಬಿಗಿದು ಕಟ್ಟಿಕೊಂಡು, ಎಲ್ಲರೂ ಉಗುರು ನೋಡಿಕೊಂಡು, ಎಲ್ಲರೂ ಅಮ್ಮನಿಗೆ ಕಣ್ಣು ಮುಚ್ಚಿಕೋ ಅಂದು ನೇಯ್ದಿದ್ದೆವು. ನನಗೆ ಅಲ್ಲೇ ಅಳು ಬಂತು.

ಮುದಲಾಳಿ ತಮ್ಮ ಪಂಚೆಯನ್ನು ನೋಡಿಕೊಂಡರು. ಮಡಿಕೆ ಹಿಡಿದಿದ್ದ ಕೈ ಬಿಟ್ಟರು. ಬಿಟ್ಟ ಕೈಯನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಗಾಳಿಯಲ್ಲಿ ಹಿಡಿದುಕೊಂಡೇ ನಿಂತರು.

"ವಿಶ್ವನಾಥಾ," ಅಂದರು. "ಇದು ಯಾರ ಮಗ್ಗದ್ದು? ಯಾವಾಗ ನೇಯ್ದದ್ದು? ನೋಡಿ ಹೇಳು."

ವಿಶ್ವನಾಥನ್ ಕಿಟಕಿಯೊಳಗೆ ಬಗ್ಗಿದ. ಮತ್ತೆ ನೆಟ್ಟಗೆ ನಿಂತ. "ಅದು ಇದರಲ್ಲಿ ಇಲ್ಲ ಮಾಮಾ. ಬಂದ ಮೇಲೆ ಎಲ್ಲ ಪಂಚೆಗಳೂ ಒಂದೇ ರಾಶಿಗೆ ಹೋಗುತ್ತವೆ."

ಮುದಲಾಳಿ ಒಳಗೆ ಹೋದರು. ನಡೆದದ್ದಲ್ಲ, ಓಡಿದರು. ಬಟ್ಟೆ ಬದಲಿಸಲು ಹೋದರೆಂದು ಎಲ್ಲರಿಗೂ ಗೊತ್ತಾಯಿತು. ತಾಯಮ್ಮಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕಳು. "ಏನು ಉಡ್ತಾನಂತೆ ಈಗ? ಆ ಬೀರುವಾಗೆ ಇರಾದೆಲ್ಲ ನಮ್ದೇ ಅಲ್ವಾ!"

ನಗು ಇಳಿದ ಮೇಲೆ ಸತ್ಯಾ ಮತ್ತೆ ಪರದೆಯ ಕಡೆ ತಿರುಗಿದಳು. ಅದು ಹಾಗೇ ಇತ್ತು. ಖಾಲಿ ಜಾಗದಲ್ಲಿ ಒಂದು ಸಣ್ಣ ಗೆರೆ ಮಿಣಕ್ ಮಿಣಕ್ ಅನ್ನುತ್ತಿತ್ತು. ಮೆಲ್ಲಗೆ, ಈ ಸಲ ಕನ್ನಡದಲ್ಲಿ ಹೇಳಿದಳು.

"ಅಕ್ಕಾ, ಏನಾರ ಒಂದು ಯೋಳ್ಬೇಕು. ಇಲ್ದಿದ್ರೆ ಇದು ಮುಂದಕ್ಕೆ ಓಗಾಕಿಲ್ಲ."

"ನನ್ ಎಸ್ರು ಮಂಜುಳಾ. ಅದನ್ನ ಮೊದ್ಲು ಹಾಕು. ಕಾರಣ ಯೋಳಾಕಿಲ್ಲ. ನಾನೂ ಮುಂದಕ್ಕೆ ಓಗಾಕಿಲ್ಲ."

"ಹೆಸರು ಬದಲಿಸುವ ಜಾಗ ಇದಲ್ಲ," ಅಂದ ವಿಶ್ವನಾಥನ್. ಅವನ ಹಣೆಯಲ್ಲಿ ಬೆವರಿತ್ತು.

ನಿಲ್ಲಲು ಆಗಲಿಲ್ಲ. ಕಿಟಕಿಯ ಮುಂದೆಯೇ ನೆಲದ ಮೇಲೆ ಕೂತೆ. ಕೂಡಲೇ ಗಂಡಸರು ಕೂಗಾಡಿದರು, ಸಾಲು ಬಿಡಿ, ನಮ್ಮ ಪಂಚೆ ಬಾಕಿ ಇದೆ, ನಮಗೂ ಬಸ್ಸಿದೆ. ಅಣ್ಣಾಮಲೈ ಕೂಗಿದ, "ಮೈಲಿಗೆ ಮಾಡಿದೋಳೆ, ನಿನ್ ಮಗ್ಗಕ್ಕೆ ಕೈ ಹಚ್ಚು, ನೋಡ್ತೀನಿ." ಅವನು ಆ ಮಾತು ನಡೆಸಿಯಾನು. ನಾಳೆ ನಮ್ಮ ಮನೆ ಮುಂದೆ ಬೀದಿ ಸೇರೀತು. ಮಾವ ಏನೆನ್ನುತ್ತಾರೋ ಗೊತ್ತಿಲ್ಲ. ಹಾಸು ಇಲ್ಲದೆ ಹೋದರೆ ಏನು ತಿನ್ನುತ್ತೇವೋ ಅದೂ ಗೊತ್ತಿಲ್ಲ. ಆದರೆ ನಾನು ಏಳಲಿಲ್ಲ.

ಪೂಂಗೊಡಿ ಬಂದು ನನ್ನ ಪಕ್ಕ ಕೂತಳು. ಬಸ್ಸಿನಲ್ಲಿ ಕೂರದವಳು ಇಲ್ಲಿ ಕೂತಳು. ಅವಳ ಗಂಡ ಏನೋ ಅಂದ, ಅವಳು ತಿರುಗಲಿಲ್ಲ. ಉಳಿದವರು ಗಂಟುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಒಬ್ಬೊಬ್ಬರಾಗಿ ಕೂತರು. ತಾಯಮ್ಮಜ್ಜಿಗೆ ಮುಟ್ಟು ನಿಂತು ಎಷ್ಟು ಕಾಲವಾಗಿತ್ತೋ, ಅವಳೂ ನನ್ನ ಹೆಗಲು ಹಿಡಿದು "ಅಯ್ಯಪ್ಪಾ" ಅಂತ ಕೂತಳು.

ಸತ್ಯಾ ಕಿಟಕಿಯಿಂದ ಬಗ್ಗಿ ನೋಡಿದಳು. ಅವಳ ಕೈ ಕೀಗಳ ಮೇಲೆ ಇರಲಿಲ್ಲ.

"ಅಕ್ಕಾ, ಬೆನ್ನು ನೋಯ್ತೈತೇನೋ. ಆ ಗೋಡೆಗೆ ಒರಗ್ಕೊಳ್ಳಿ."

ಕಾಗದ ಅಂಟಿಸಿದ್ದ ಗೋಡೆ ಅದು. ಸರಿದು ಅದಕ್ಕೇ ಒರಗಿದೆವು, ಹೆಗಲಿಗೆ ಹೆಗಲು ತಾಗಿಸಿ. ನನ್ನ ತಲೆಯ ಹಿಂದೆ ಕಾಗದ ಸುಕ್ಕಾದ ಸದ್ದು ಕೇಳಿಸಿತು. ಹಗಲು ಹೊತ್ತಿನಲ್ಲಿ, ಗಂಡಸರೆಲ್ಲ ನೋಡುತ್ತಿರುವಾಗ, ನಾನು ಕಾಲು ನೀಡಿಕೊಂಡು ಕಣ್ಣು ಮುಚ್ಚಿದೆ.